ಎಂಟು ಗಂಟೆಗಳ ಅತಿಥಿ, ಆರು ಶತಮಾನಗಳ ನೀರು

ವಿಹಾರ ಹಡಗು ಎಂಬ ಮಾತು ಬೆಟ್ಟದ ಮೇಲಿನ ನಮ್ಮ ಓದುಗರಿಗೆ ದೂರದ್ದೆನಿಸಬಹುದು. ಆದರೆ ಅದು ನಾವು ಎಣಿಸಿಕೊಂಡಷ್ಟು ದೂರದಲ್ಲಿಲ್ಲ. ಘಟ್ಟದ ಬುಡದಲ್ಲಿರುವ ಪಣಂಬೂರಿನ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ತಿಂಗಳುಗಳಲ್ಲಿ ಇಂಥ ಹಡಗುಗಳು ಬಂದು ನಿಲ್ಲುತ್ತವೆ. ಬೆಳಿಗ್ಗೆ ಇಳಿದ ಪ್ರಯಾಣಿಕರು ಬಸ್ಸುಗಳಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಗೇರುಬೀಜದ ಕಾರ್ಖಾನೆಯನ್ನೂ ನೋಡಿ ಸಂಜೆಯೊಳಗೆ ಮರಳಿ ಹಡಗನ್ನೇರುತ್ತಾರೆ. ಕರಾವಳಿಯ ಅನೇಕ ತರುಣರು ಅಂಥ ಹಡಗುಗಳ ಅಡುಗೆಮನೆಯಲ್ಲಿಯೂ ಎಂಜಿನ್ ಕೋಣೆಯಲ್ಲಿಯೂ ದುಡಿಯುತ್ತಿದ್ದಾರೆ. ವಿದ್ಯಾಭ್ಯಾಸಕ್ಕೆಂದೋ ಉದ್ಯೋಗಕ್ಕೆಂದೋ ಹೊರನಾಡಿಗೆ ಹೋದ ನಮ್ಮ ಮಕ್ಕಳು ರಜೆಯಲ್ಲಿ ಅವುಗಳ ಪ್ರಯಾಣಿಕರಾಗುವುದೂ ಈಗ ಅಪರೂಪವಲ್ಲ. ಆದ್ದರಿಂದ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುವುದು ಅಪ್ರಸ್ತುತವಾಗಲಾರದು: ಒಂದು ಬೆಟ್ಟದ ನಾಡಿಗೆ ಎಂಟು ಗಂಟೆಗಳ ಅತಿಥಿಯಾಗಿ ಹೋದವರು ಅಲ್ಲಿ ಏನು ನೋಡಬೇಕು, ಏನು ಮಾಡಬೇಕು? ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದಿದೆ. ಅಂಥ ಅತಿಥಿಗಳು ನಮ್ಮ ಬೆಟ್ಟಕ್ಕೇ ಬಂದಾಗ ನಾವು ಅವರಿಗೆ ಏನನ್ನು ತೋರಿಸಬೇಕು?

ಉತ್ತರಕ್ಕಾಗಿ ಅಟ್ಲಾಂಟಿಕ್ ಸಾಗರದ ಮದೈರಾ ದ್ವೀಪವನ್ನು ನೋಡೋಣ. ಪೋರ್ಚುಗಲ್ ದೇಶಕ್ಕೆ ಸೇರಿದ, 1976ರಿಂದ ಸ್ವಾಯತ್ತ ಆಡಳಿತವನ್ನು ಹೊಂದಿರುವ ಉಪೋಷ್ಣವಲಯದ ದ್ವೀಪವಿದು. ಉದ್ದ ಸುಮಾರು 57 ಕಿಲೋಮೀಟರ್, ಅಗಲ ಸುಮಾರು 22 ಕಿಲೋಮೀಟರ್. ನಮ್ಮ ಒಂದು ತಾಲ್ಲೂಕಿನಷ್ಟು ನೆಲ. ಆದರೆ ಸಮುದ್ರಮಟ್ಟದಿಂದ ಹೊರಟ ಆ ನೆಲ ಹನ್ನೊಂದು ಹನ್ನೆರಡು ಕಿಲೋಮೀಟರ್ ದೂರದೊಳಗೆ 1,800 ಮೀಟರಿಗೂ ಮಿಕ್ಕಿ ಏರುತ್ತದೆ, ಅಂದರೆ ಹೆಚ್ಚುಕಡಿಮೆ ಕುದುರೆಮುಖ ಶಿಖರದಷ್ಟು. ಸಮತಟ್ಟಾದ ಜಾಗವೆಂಬುದು ಅಲ್ಲಿ ಬಹುಮಟ್ಟಿಗೆ ಮನುಷ್ಯರು ಕಲ್ಲು ಕಟ್ಟಿ ಮಾಡಿಕೊಂಡದ್ದೇ ಆಗಿದೆ. ಸುಮಾರು ಎರಡೂವರೆ ಲಕ್ಷ ಜನರು ಬದುಕುವ ಈ ದ್ವೀಪದ ರಾಜಧಾನಿ ಫುಂಶಾಲ್ ಬಂದರಿಗೆ ವಿಹಾರ ಹಡಗುಗಳಲ್ಲಿ ಬರುವವರ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ವಾರ್ಷಿಕ ಐದು ಲಕ್ಷವನ್ನು ಮೀರಿದೆ. ಒಂದು ದೊಡ್ಡ ಹಡಗಿನಿಂದಲೇ ಒಂದು ಬೆಳಿಗ್ಗೆ ಮೂರು ಸಾವಿರ ಜನರು ಇಳಿಯುವುದುಂಟು.

ಹೀಗೆ ಇಳಿದವರ ದಿನಚರಿ ಬಹುತೇಕ ಒಂದೇ. ಹಳೆಯ ಪೇಟೆಯಿಂದ ಹೊರಡುವ, 2000ನೇ ಇಸವಿಯಲ್ಲಿ ಆರಂಭವಾದ ತೂಗುಗಾಡಿಯನ್ನೇರಿ ಮೊಂತೆ ಎಂಬ ಮೇಲಿನ ಊರಿಗೆ ಹೋಗುವುದು. ಅಲ್ಲಿಂದ ಬೆತ್ತದಂತಹ ಬುಟ್ಟಿಯ ಜಾರುಗಾಡಿಯಲ್ಲಿ ಕುಳಿತು ಇಳಿಜಾರು ರಸ್ತೆಯಲ್ಲಿ ಕೆಳಕ್ಕೆ ಜಾರುವುದು. ರೈತರ ಮಾರುಕಟ್ಟೆಯಲ್ಲಿ ಹಣ್ಣಿನ ರುಚಿ ನೋಡುವುದು. ಕಾಬೊ ಜಿರಾಂವ್ ಎಂಬ ಕಡಿಬಂಡೆಯ ನೆತ್ತಿಯಲ್ಲಿ ಗಾಜಿನ ನೆಲದ ಮೇಲೆ ನಿಂತು 580 ಮೀಟರ್ ಕೆಳಗಿನ ಕಡಲನ್ನು ನೋಡಿ ಪಟ ತೆಗೆಸಿಕೊಳ್ಳುವುದು. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಪ್ರತಿಯೊಂದರ ಹಿಂದೆಯೂ ಒಂದು ದುಡಿಮೆಯಿದೆ. ಅದನ್ನು ಕಾಣದೆ ಬಂದರೆ ನೋಡಿದ್ದು ಅರ್ಧ ಮಾತ್ರ.

ಜಾರುಗಾಡಿ ಮೊದಲು ಆಟದ ಸಾಮಾನಾಗಿರಲಿಲ್ಲ. 1850ರ ಸುಮಾರಿಗೆ ಮೊಂತೆಯ ನಿವಾಸಿಗಳು ಪೇಟೆಗೆ ಬೇಗ ಇಳಿಯಲು ಬಳಸಿದ ವಾಹನವದು. ಇಂದಿಗೂ ಬಿಳಿಯ ಉಡುಪಿನ, ಹುಲ್ಲಿನ ಟೋಪಿಯ ಇಬ್ಬರು ಹಗ್ಗ ಹಿಡಿದು ಅದನ್ನು ನಡೆಸುತ್ತಾರೆ. ಅವರ ಪಾದರಕ್ಷೆಯ ರಬ್ಬರಿನ ಅಟ್ಟೆಯೇ ಅದಕ್ಕೆ ತಡೆ. ಮಾರುಕಟ್ಟೆ 1940ರಲ್ಲಿ ಕಟ್ಟಲ್ಪಟ್ಟಿತು. ಹಳ್ಳಿಯ ಬೆಳೆಗಾರರು ತಮ್ಮ ಫಸಲನ್ನು ತಂದು ಮಾರುವ ದೊಡ್ಡ ದಿನ ಶುಕ್ರವಾರ. ಅಲ್ಲಿ ನಮ್ಮ ಸೀತಾಫಲದ ಹತ್ತಿರದ ಬಂಧುವಾದ ಅನೋನ ಹಣ್ಣನ್ನೂ ಗಿಡ್ಡ ಕ್ಯಾವೆಂಡಿಷ್ ಜಾತಿಯ ಪುಟ್ಟ ಸಿಹಿ ಬಾಳೆಯನ್ನೂ ಕಾಣಬಹುದು. ಪ್ರವಾಸಿಗಳನ್ನು ಕರೆದು ಹಣ್ಣಿನ ಹೋಳನ್ನು ಕೈಗಿಟ್ಟು ಅನಂತರ ದುಬಾರಿ ಬೆಲೆ ಹೇಳುವ ಅಂಗಡಿಗಳೂ ಅಲ್ಲುಂಟು. ಮೊದಲು ಬೆಲೆ ಕೇಳಿ, ಆಮೇಲೆ ರುಚಿ ನೋಡುವುದು ಜಾಣತನ. ಕಾಬೊ ಜಿರಾಂವಿನ ಗಾಜಿನ ಮೇಲೆ ನಿಂತವರು ತಮ್ಮ ಕಾಲಿನ ಪಟದೊಡನೆ ಬಂಡೆಯ ಬುಡವನ್ನೂ ದಿಟ್ಟಿಸಬೇಕು. ಕಡಲಿಗೂ ಕಡಿಬಂಡೆಗೂ ನಡುವೆ ಚಾಪೆಯಗಲದ ಹೊಲಗಳು ಕಾಣುತ್ತವೆ. ಹಿಂದೆ ದೋಣಿಯಲ್ಲಿ ಮಾತ್ರ ತಲುಪಬಹುದಾಗಿದ್ದ ಆ ನೆಲವನ್ನೂ ಮನುಷ್ಯರು ಉತ್ತು ಬಿತ್ತಿದ್ದಾರೆ.

ಈ ದ್ವೀಪದ ನಿಜವಾದ ಸೋಜಿಗ ಅದರ ನೀರಿನ ವ್ಯವಸ್ಥೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ಬೆಟ್ಟದ ಉತ್ತರ ಮಗ್ಗುಲಿಗೆ ಬಡಿದು ಮೇಲೇರಿ ತಣಿದು ಮೋಡವಾಗುತ್ತವೆ. ಮೇಲಣ ಉತ್ತರದ ಇಳಿಜಾರಿನಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ. ದಕ್ಷಿಣದ ಫುಂಶಾಲಿನಲ್ಲಿಯಾದರೋ ಸುಮಾರು 600 ಮಿಲಿಮೀಟರ್, ಅದೂ ಚಳಿಗಾಲದಲ್ಲಿಯೇ ಹೆಚ್ಚು. ಇಷ್ಟೊಂದು ಅಂತರವನ್ನು ಪ್ರಕೃತಿ ಅಲ್ಲಿ ಇಪ್ಪತ್ತು ಕಿಲೋಮೀಟರಿನೊಳಗೆ ಅಡಕಮಾಡಿದೆ. ಬಿಸಿಲೂ ಬೆಳೆಯೂ ಜನವಸತಿಯೂ ದಕ್ಷಿಣದಲ್ಲಿ, ನೀರು ಉತ್ತರದಲ್ಲಿ. ಈ ಎರಡನ್ನೂ ಸೇರಿಸಲು ದ್ವೀಪದವರು ಹದಿನೈದನೆಯ ಶತಮಾನದಿಂದಲೇ ತೋಡತೊಡಗಿದ ಕಾಲುವೆಗಳಿಗೆ ಲೆವಾದ ಎಂದು ಹೆಸರು.

ಲೆವಾದ ಎಂದರೆ ಮೊಳದಗಲದ, ಬಹಳ ಸಣ್ಣ ಇಳಿವಿನ ಕಲ್ಲುಗಾಲುವೆ. ಬೆಟ್ಟದ ಮೈಯನ್ನು ಅದರ ಏರುತಗ್ಗಿಗೆ ತಕ್ಕಂತೆ ಬಳಸಿಕೊಂಡು, ಕಡಿಬಂಡೆಯನ್ನು ಕೊರೆದು, ಗುಡ್ಡವನ್ನು ಸುರಂಗದಿಂದ ತೂರಿ ಅದು ಹರಿಯುತ್ತದೆ. ಬಗಲಿಗೆ ಒಬ್ಬರು ನಡೆಯುವಷ್ಟು ಕಾಲುದಾರಿ. ಎಲ್ಲ ಕಾಲುವೆಗಳನ್ನೂ ಕೂಡಿಸಿದರೆ 2,000 ಕಿಲೋಮೀಟರ್ ಮೀರುತ್ತದೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಕಡಿಬಂಡೆಗಳಲ್ಲಿ ಕೆಲಸಗಾರರು ಹಗ್ಗದಿಂದ ಇಳಿಬಿಟ್ಟ ಬುಟ್ಟಿಗಳಲ್ಲಿ ತೂಗಾಡುತ್ತ ಬಂಡೆ ಕಡಿದರೆಂದು ದ್ವೀಪದವರು ಹೇಳುತ್ತಾರೆ. ಆರಂಭದ ಕಬ್ಬಿನ ಕಾಲದಲ್ಲಿ ಆಫ್ರಿಕದಿಂದಲೂ ಕನೇರಿ ದ್ವೀಪಗಳಿಂದಲೂ ಹಿಡಿದು ತಂದ ಗುಲಾಮರ ಬೆವರೂ ಆ ದ್ವೀಪದ ಕೃಷಿಯಲ್ಲಿ ಸೇರಿದೆ. ಇಂದು ಆ ದಾರಿಯಲ್ಲಿ ಸಂತೋಷದಿಂದ ನಡೆಯುವವರು ಇದನ್ನು ಮರೆಯಬಾರದು.

ನಮ್ಮವರಿಗೆ ಇದು ಸುಲಭವಾಗಿ ಅರ್ಥವಾಗುವ ವಿದ್ಯೆ. ಅಬ್ಬಿಯ ನೀರನ್ನು ಅಡಿಕೆಯ ದಂಬೆಯಲ್ಲಿ ಅಂಗಳಕ್ಕೆ ತಂದವರು, ಹಳ್ಳಕ್ಕೆ ವರ್ಷವರ್ಷವೂ ಕಟ್ಟ ಹಾಕಿ ತೋಟಕ್ಕೆ ನೀರು ತಿರುಗಿಸಿದವರು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಅಡ್ಡಡ್ಡವಾಗಿ ಸುರಂಗ ಕೊರೆದು ಒಸರನ್ನು ಹಿಡಿದವರು ನಮ್ಮ ಹಿರಿಯರೇ. ಮದೈರಾದವರು ಮುಂದುವರಿದದ್ದು ನೀರಿನ ಹಂಚಿಕೆಯ ಕಟ್ಟುಪಾಡಿನಲ್ಲಿ. ಅಲ್ಲಿ ನೀರನ್ನು ಗಂಟೆಯ ಲೆಕ್ಕದಲ್ಲಿ ಸರದಿಯಂತೆ ಬಿಡುತ್ತಾರೆ. ಅದಕ್ಕೆಂದೇ ಲೆವಾದೈರೊ ಎಂಬ ನೀರಗಂಟಿ ಇರುತ್ತಾನೆ; ಎಲೆಕಸ ತೆಗೆಯುವುದು, ಸೋರಿಕೆ ಮುಚ್ಚುವುದು, ಹೊತ್ತಿಗೆ ಸರಿಯಾಗಿ ತೂಬು ತೆರೆಯುವುದು ಅವನ ಹೊಣೆ. ಹಿಂದೆ ನೀರಿನ ಹಕ್ಕು ಭೂಮಿಯ ಹಕ್ಕಿನಿಂದ ಬೇರೆಯಾಗಿದ್ದು, ಅದನ್ನು ಮಾರುವುದೂ ಬಾಡಿಗೆಗೆ ಕೊಡುವುದೂ ನಡೆಯುತ್ತಿತ್ತು. ಇದರಿಂದ ಬಡ ರೈತನಿಗೆ ತೊಂದರೆಯೂ ಆಗಿದೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಸರ್ಕಾರವೇ ದೊಡ್ಡ ಲೆವಾದಗಳನ್ನು ಕಟ್ಟಿ, ಅದೇ ನೀರಿನಿಂದ ಮೊದಲು ವಿದ್ಯುತ್ತು, ಆಮೇಲೆ ನೀರಾವರಿ ಎಂಬ ಕ್ರಮವನ್ನು ತಂದಿತು.

ಆ ನೀರಿನ ಮೂಲ ಮಂಜಿನ ಕಾಡು. ಲೌರಿಸಿಲ್ವ ಎಂದು ಕರೆಯುವ ಈ ಕಾಡು ಸುಮಾರು 15,000 ಹೆಕ್ಟೇರ್, ಅಂದರೆ ದ್ವೀಪದ ಐದನೆಯ ಒಂದು ಪಾಲು ಉಳಿದುಕೊಂಡಿದೆ. 1999ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಲಕ್ಷಾಂತರ ವರ್ಷಗಳ ಹಿಂದೆ ದಕ್ಷಿಣ ಯೂರೋಪಿನಲ್ಲೆಲ್ಲ ಹಬ್ಬಿದ್ದು ಅಲ್ಲಿ ಅಳಿದುಹೋದ ಸಸ್ಯಸಮೂಹದ ಶೇಷ ಇದು. ತಿಲ್, ವಿನ್ಯಾತಿಕು, ಬಾರ್ಬುಜಾನು ಎಂಬ ಅಲ್ಲಿಯ ಹೆಮ್ಮರಗಳು ನಮ್ಮ ದಾಲ್ಚಿನ್ನಿ ಮತ್ತು ಗುಳಮಾವಿನ ಕುಟುಂಬಕ್ಕೇ ಸೇರಿದವು. ಅಗರಬತ್ತಿಗೆಂದು ತೊಗಟೆ ಸುಲಿದು ನಾವು ಕೊಂದ ಗುಳಮಾವುಗಳನ್ನು ಬಲ್ಲವರಿಗೆ ಈ ನೆಂಟಸ್ತಿಕೆ ಮನಸ್ಸಿಗೆ ನಾಟಬೇಕು. ಆ ಮರಗಳ ಗಟ್ಟಿಯಾದ ನುಣುಪು ಎಲೆಗಳು ತೇಲಿ ಬರುವ ಮಂಜನ್ನು ಹನಿಗೂಡಿಸಿ ನೆಲಕ್ಕಿಳಿಸುತ್ತವೆ. ಮಳೆಮಾಪಕದಲ್ಲಿ ಕಾಣದ ಈ ನೀರು ಬಸಾಲ್ಟ್ ಶಿಲೆಯೊಳಕ್ಕೆ ಇಳಿದು ಊಟೆಯಾಗಿ ಲೆವಾದವನ್ನು ಸೇರುತ್ತದೆ. ಕಾಡು ಹೋದರೆ ಕಾಲುವೆ ಒಣಗುತ್ತದೆಂಬುದು ಅಲ್ಲಿ ವೇದಿಕೆಯ ಭಾಷಣವಲ್ಲ, ಬಾಳೆತೋಟದವನ ನಿತ್ಯದ ಲೆಕ್ಕ.

ಹಾಗೆಂದು ಕಾಡಿಗೂ ಕೃಷಿಗೂ ಅಲ್ಲಿ ಜಗಳವಿಲ್ಲವೆಂದಲ್ಲ. ಈ ಕಾಡಿನ ಹಣ್ಣುಗಳನ್ನು ತಿಂದು ಬೀಜ ಹರಡುವ ಟ್ರೊಕಾಜ್ ಪಾರಿವಾಳ ಜಗತ್ತಿನಲ್ಲಿ ಮದೈರಾದಲ್ಲಿ ಮಾತ್ರ ಇದೆ. ನಮ್ಮ ಘಟ್ಟದ ನೀಲಗಿರಿ ಕಾಡುಪಾರಿವಾಳದ ಕುಲದ್ದೇ. ಕಾಡಿನಲ್ಲಿ ಹಣ್ಣು ಕಡಿಮೆಯಾದಾಗ ಅದು ಹೊಲಕ್ಕಿಳಿದು ಎಲೆಕೋಸನ್ನು ತಿನ್ನುತ್ತದೆ. ರೈತನ ಕೋಪವೂ ನಿಜ, ಹಕ್ಕಿಯ ಅಗತ್ಯವೂ ನಿಜ. ಮಂಗ, ಕಾಡುಹಂದಿ, ಕಾಟಿಗಳ ನಡುವೆ ಬದುಕುವ ನಾವು ಇದನ್ನು ಬೇರೆಯವರಿಂದ ಕಲಿಯಬೇಕಾಗಿಲ್ಲ.

ಹಾಗಾದರೆ ಎಂಟು ಗಂಟೆಗಳಲ್ಲಿ ಏನು ಮಾಡಬಹುದು? ಪ್ರಖ್ಯಾತವಾದ ಕಾಲ್ದೈರಾಂವ್ ವೆರ್ದೆ ಲೆವಾದದ ದಾರಿ ಹೋಗಿಬರಲು ಸುಮಾರು 13 ಕಿಲೋಮೀಟರ್. ಅದು ಬಂದರಿನಿಂದ ದೂರ; ಹಡಗಿನ ಅತಿಥಿಗೆ ತಕ್ಕದ್ದಲ್ಲ. ಪೇಟೆಯ ಸಾರ್ವಜನಿಕ ಬಸ್ಸಿನಲ್ಲಿ ಮೊಂತೆಗೆ ಹೋದರೆ ಹತ್ತಿರದಲ್ಲೇ ತೊರ್ನೂಸ್ ಲೆವಾದ ಸಿಗುತ್ತದೆ. ಉತ್ತರದ ನೀರನ್ನು ಸುರಂಗಗಳ ಮೂಲಕ ಫುಂಶಾಲಿನ ಮೇಲ್ಭಾಗಕ್ಕೆ ತರುವ ಕಾಲುವೆಯದು. ಅದರ ದಂಡೆಯಲ್ಲಿ ಎರಡು ಗಂಟೆ ನಿಧಾನವಾಗಿ ನಡೆದರೆ ಸಾಕು. ದಾರಿ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಮಳೆಯ ಮರುದಿನವೂ ಕಾಳ್ಗಿಚ್ಚಿನ ಅನಂತರವೂ ಕಲ್ಲುಗಳು ಉರುಳುತ್ತವೆ. ಹಿಡಿತವಿರುವ ಪಾದರಕ್ಷೆ ಬೇಕು. ಕಾಲುವೆಗೆ ಕಾಲಿಳಿಸಬಾರದು, ಕಸ ಎಸೆಯಬಾರದು. ಕೆಳಗೆ ಯಾರೋ ಆ ನೀರಿನ ಸರದಿಗಾಗಿ ಕಾದಿದ್ದಾರೆ. ಗುರುತಿಸಿದ ಅಧಿಕೃತ ಕಾಲುದಾರಿಗಳಿಗೆ 2025ರಿಂದ ಹೊರಗಿನವರು ಶುಲ್ಕ ಕೊಡಬೇಕೆಂಬ ನಿಯಮವೂ ಬಂದಿದೆ. ಆರಂಭದಲ್ಲಿ 3 ಯೂರೋ ಇದ್ದ ಈ ಶುಲ್ಕಕ್ಕೆ ಗೊಣಗಬೇಕಾಗಿಲ್ಲ. ನಡೆಯುವ ದಾರಿಯನ್ನು ಯಾರೋ ಸವರಿ ಇಟ್ಟಿರುತ್ತಾರೆ.

ನಡೆಯುವಾಗ ಕಣ್ಣನ್ನು ಕೆಳಗಿನ ಮೆಟ್ಟಿಲುಗದ್ದೆಗಳ ಮೇಲಿಡಬೇಕು. ಗಾರೆಯಿಲ್ಲದೆ ಬಸಾಲ್ಟ್ ಕಲ್ಲನ್ನು ಜೋಡಿಸಿದ ಗೋಡೆ, ಅದರ ಹಿಂದೆ ಮನುಷ್ಯರು ಹೊತ್ತು ತುಂಬಿದ ಮಣ್ಣು. ಅಲ್ಲಿಯ ಸರಾಸರಿ ಹಿಡುವಳಿ ಅರ್ಧ ಹೆಕ್ಟೇರಿಗಿಂತಲೂ ಕಡಿಮೆ. ಇಂಥ ಗೋಡೆಗಳನ್ನು ಕಟ್ಟಿದ ಗೇಣಿದಾರನಿಗೆ ಗೋಡೆಯೂ ಮರವೂ ಸೇರುತ್ತಿದ್ದವು, ನೆಲ ಮಾತ್ರ ಒಡೆಯನದು, ಫಸಲಿನ ಅರ್ಧ ಒಡೆಯನಿಗೆ ಎಂಬ ಪದ್ಧತಿ ಶತಮಾನಗಳ ಕಾಲ ನಡೆದು 1977ರಲ್ಲಿ ಕಾನೂನಿನಿಂದ ಕೊನೆಗೊಂಡಿತು. 1974ರ ಭೂಸುಧಾರಣೆಯನ್ನು ಕಂಡ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಮನವಿಟ್ಟು ನೋಡಿದರೆ ಪಾಳುಬಿದ್ದ ಮೆಟ್ಟಿಲುಗಳೂ ಕಾಣುತ್ತವೆ. ಮಕ್ಕಳು ಪಟ್ಟಣಕ್ಕೋ ಹೊರದೇಶಕ್ಕೋ ಹೋದ ಮನೆಗಳ ನೆಲವದು. ಗೋಡೆಯ ಒಂದು ಕಲ್ಲು ಜಾರಿದಾಗ ಕೂಡಲೇ ಎತ್ತಿಡುವವರಿಲ್ಲದಿದ್ದರೆ ಮುಂದಿನ ಮಳೆಗೆ ಗೋಡೆಯೇ ಜಾರುತ್ತದೆ.

ಬಂದರಿಗೆ ಮರಳುವ ಮುನ್ನ ಪೇಟೆಯ ನಡುವೆ ಹರಿಯುವ ಮೂರು ಹಳ್ಳಗಳನ್ನು ನೋಡಬೇಕು. ಸಾಂತ ಲುಜಿಯ, ಜುವಾಂವ್ ಗೊಮೆಸ್, ಸಾಂವ್ ಜುವಾಂವ್ ಎಂದು ಅವುಗಳ ಹೆಸರು. ಬೇಸಿಗೆಯಲ್ಲಿ ಕಾಲು ತೋಯದಷ್ಟು ನೀರು. 1803ರ ಅಕ್ಟೋಬರ್ 9ರಂದು ಇವೇ ಉಕ್ಕಿ ನೂರಾರು ಜನರನ್ನು ಕೊಂದವು. 2010ರ ಫೆಬ್ರವರಿ 20ರಂದು ಮತ್ತೆ ಅದೇ ಆಯಿತು. ಚಳಿಗಾಲದ ಮಳೆಯಿಂದ ಮೊದಲೇ ನೆನೆದಿದ್ದ ಬೆಟ್ಟದ ಮೇಲೆ ಕೆಲವೇ ಗಂಟೆಗಳಲ್ಲಿ ಅತಿವೃಷ್ಟಿಯಾಗಿ, ಮಣ್ಣು, ಮರ, ಬಂಡೆಗಳು ಕೂಡಿದ ಪ್ರವಾಹ ಪೇಟೆಗೆ ನುಗ್ಗಿ ನಲವತ್ತಕ್ಕೂ ಹೆಚ್ಚು ಜನರು ಸತ್ತರು. ಹಳ್ಳಗಳನ್ನು ಕಿರಿದುಗೊಳಿಸಿ, ಅಲ್ಲಲ್ಲಿ ಮುಚ್ಚಿ, ದಡದವರೆಗೆ ಕಟ್ಟಡ ಕಟ್ಟಿದ್ದು ಹಾನಿಯನ್ನು ಹೆಚ್ಚಿಸಿತು. ಅನಂತರ ಮೇಲ್ಭಾಗದಲ್ಲಿ ಬಂಡೆಗಳನ್ನು ತಡೆಯುವ ಒಡ್ಡುಗಳನ್ನು ಕಟ್ಟಿದ್ದಾರೆ. ಫುಂಶಾಲಿನ ಮೇಲಿನ ಇಳಿಜಾರುಗಳಲ್ಲಿ ನೀಲಗಿರಿ ಮತ್ತು ಅಕೇಶಿಯ ಹಬ್ಬಿದ್ದು ಇನ್ನೊಂದು ಕಥೆ. 2016ರ ಆಗಸ್ಟಿನಲ್ಲಿ ಬೆಂಕಿ ಪೇಟೆಯ ಮನೆಗಳವರೆಗೆ ಇಳಿದು ಮೂವರ ಪ್ರಾಣ ತೆಗೆದುಕೊಂಡಿತು; 2024ರ ಆಗಸ್ಟಿನಲ್ಲಿ ಮತ್ತೆ ಸಾವಿರಾರು ಹೆಕ್ಟೇರ್ ಸುಟ್ಟಿತು. ಹೂಗಳ ದ್ವೀಪವೆಂದು ಹೊಗಳಿಸಿಕೊಳ್ಳುವ ಆ ನಾಡಿನ ರಸ್ತೆಬದಿಯ ಅಗಪಾಂಥಸ್, ಸ್ಟ್ರೆಲಿಟ್ಜಿಯಗಳು ದಕ್ಷಿಣ ಆಫ್ರಿಕದವು, ಹೈಡ್ರಾಂಜಿಯ ಜಪಾನಿನದು. ಚೆಲುವಾದದ್ದೆಲ್ಲ ಆ ನೆಲದ್ದಲ್ಲ, ಹಸಿರಾದದ್ದೆಲ್ಲ ಕಾಡಲ್ಲ. ಯುಪಟೋರಿಯಂ ತುಂಬಿದ ನಮ್ಮ ಸೊಪ್ಪಿನ ಬೆಟ್ಟಗಳಿಗೂ ಅಕೇಶಿಯ ನೆಡುತೋಪುಗಳಿಗೂ ಈ ಮಾತು ಅನ್ವಯಿಸುತ್ತದೆ.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಎಲ್ಲಿಗೆ ಹೋದರೂ ಒಂದು ಗಡ್ಡೆ, ಒಂದು ಕಂದು, ಒಂದು ರೆಂಬೆ ತರುವ ಅಭ್ಯಾಸ ಮಲೆನಾಡಿನ ಮನೆಮನೆಯಲ್ಲಿದೆ. ಹೊರದೇಶದಿಂದ ಅದನ್ನು ಮಾಡಬಾರದು. ಬಾಳೆಯ ಒಂದು ಕಂದಿನಲ್ಲಿ ಸೊರಗು ರೋಗದ ಶಿಲೀಂಧ್ರವೋ ಗೊಂಚಲು ತುದಿಯ ವೈರಸ್ಸೋ ಅಡಗಿರಬಹುದು. ಸಸ್ಯ ಸಂಪರ್ಕನಿಷೇಧದ 2003ರ ಆದೇಶದ ಪ್ರಕಾರವೂ ಪರವಾನಗಿಯಿಲ್ಲದೆ ಸಸ್ಯಭಾಗಗಳನ್ನು ತರುವಂತಿಲ್ಲ. ನೆನಪಿಗೆ ಏನಾದರೂ ಬೇಕಿದ್ದರೆ ಅಲ್ಲಿಯ ಹೆಂಗಸರು ಮನೆಯಲ್ಲಿ ಕೂತು ಹೊಲಿದ ಕಸೂತಿಯನ್ನು, ಅಧಿಕೃತ ಮುದ್ರೆ ನೋಡಿ, ಕೊಳ್ಳಬಹುದು. ಆ ಕೆಲಸಕ್ಕೆ ಕೂಲಿ ಕಟ್ಟುವುದು ಹೊಲಿಗೆಗಳನ್ನು ಎಣಿಸಿ. ಬೆಲೆ ಹೆಚ್ಚೆನಿಸಿದಾಗ ಆ ಎಣಿಕೆಯನ್ನು ನೆನೆದರಾಯಿತು.

ಇನ್ನು ಈ ದ್ವೀಪದ ಚರಿತ್ರೆಯಿಂದ ನಾವು ಕಲಿಯಬೇಕಾದ ದೊಡ್ಡ ಪಾಠಕ್ಕೆ ಬರೋಣ. 1420ರ ಸುಮಾರಿಗೆ ಜನವಸತಿ ಆರಂಭವಾದಾಗ ದ್ವೀಪವೆಲ್ಲ ಕಾಡು. ಮದೈರಾ ಎಂಬ ಪದದ ಅರ್ಥವೇ ಮರ. ಕಬ್ಬು ಬಂದಿತು. ಸಕ್ಕರೆ ಬೇಯಿಸಲು ಕಾಡು ಉರಿಯಿತು. ಹದಿನಾರನೆಯ ಶತಮಾನದ ಆರಂಭದಲ್ಲಿ ಶಿಖರ ಮುಟ್ಟಿದ ಆ ಬೆಳೆ ಸೌದೆ ತೀರಿದ್ದರಿಂದಲೂ ಬ್ರೆಜಿಲ್ ಮುಂತಾದೆಡೆಗಳ ಪೈಪೋಟಿಯಿಂದಲೂ ಕುಸಿಯಿತು. ಅನಂತರ ದ್ರಾಕ್ಷಿ. ಹಿಂದೂಸ್ತಾನಕ್ಕೆ ಹೊರಟ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಫುಂಶಾಲಿನಲ್ಲಿ ನಿಂತು ದ್ರಾಕ್ಷಾರಸದ ಪೀಪಾಯಿಗಳನ್ನು ಏರಿಸಿಕೊಳ್ಳುತ್ತಿದ್ದವು. ಉಷ್ಣವಲಯದ ಸೆಕೆಯಲ್ಲಿ ಹೋಗಿಬಂದ ರಸಕ್ಕೆ ಹೆಚ್ಚಿನ ಬೆಲೆಯಿತ್ತು. 1850ರ ದಶಕದಲ್ಲಿ ಬೂದಿರೋಗ, 1870ರ ದಶಕದಲ್ಲಿ ಬೇರು ತಿನ್ನುವ ಫಿಲಾಕ್ಸೆರ ಕೀಟ ಬಂದು ದ್ರಾಕ್ಷಿತೋಟಗಳು ಹಾಳಾದವು, ಜನರು ಗುಳೆ ಹೋದರು. ಇಂದು ಬಾಳೆಗೆ ಯೂರೋಪಿನ ಒಕ್ಕೂಟದ ಸಹಾಯಧನದ ಊರುಗೋಲಿದೆ. ದ್ವೀಪದ ಮುಖ್ಯ ಬೆಳೆ ಈಗ ಪ್ರವಾಸಿಗಳು. 2020ರಲ್ಲಿ ಕೋವಿಡ್ ಬಂದು ಹಡಗುಗಳು ನಿಂತಾಗ ಆ ಬೆಳೆಯೂ ಒಂದೇ ಋತುವಿನಲ್ಲಿ ಒಣಗಬಲ್ಲದೆಂಬುದು ತಿಳಿಯಿತು. ಪ್ರವಾಸೋದ್ಯಮವೂ ಒಂದು ಏಕಬೆಳೆ.

ಎಲೆಚುಕ್ಕೆ ರೋಗದಿಂದ ಅಡಿಕೆ ತೋಟಗಳು ಬಡವಾಗುತ್ತಿರುವ ಈ ದಿನಗಳಲ್ಲಿ ನಮ್ಮ ಅನೇಕ ಮನೆಗಳವರು ಹೋಂಸ್ಟೇಯ ಕಡೆಗೆ ನೋಡುತ್ತಿದ್ದಾರೆ. ಅವರನ್ನು ದೂರುವುದು ಅನ್ಯಾಯ. ತೋಟ ಕೈಬಿಟ್ಟಾಗ ಮನೆ ನಡೆಯಬೇಕಲ್ಲ. ಆದರೆ ಅತಿಥಿಗಳಿಗೆಂದು ಗುಡ್ಡ ಕಡಿದು ರಸ್ತೆ ಮಾಡಿ, ಹಳ್ಳಕ್ಕೆ ಮಣ್ಣು ತುಂಬಿ ವಾಹನ ನಿಲ್ಲಿಸಲು ಜಾಗ ಮಾಡಿದರೆ ಆಗುವುದೇನೆಂದು 2018ರ ಆಗಸ್ಟಿನ ಕೊಡಗೂ, 2024ರ ಜುಲೈನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಅಂಕೋಲೆಯ ಶಿರೂರೂ ನಮಗೆ ಹೇಳಿವೆ. ಮದೈರಾಕ್ಕೆ ಇಂದಿಗೂ ಅತಿಥಿಗಳು ಬರುವುದು ಅಲ್ಲಿಯ ರೈತರು ತಮ್ಮ ಹೊಟ್ಟೆಪಾಡಿಗೆ ಕಟ್ಟಿಕೊಂಡ ಕಾಲುವೆಯ ದಂಡೆಯಲ್ಲಿ ನಡೆಯಲು. ಅತಿಥಿಗಳಿಗೆಂದು ಅದನ್ನು ಯಾರೂ ಕಟ್ಟಲಿಲ್ಲ. ಕೃಷಿ ಸತ್ತರೆ ಕಾಲುವೆ ಮುಚ್ಚುತ್ತದೆ, ಕಾಲುವೆ ಮುಚ್ಚಿದರೆ ನೋಡಲು ಏನೂ ಉಳಿಯುವುದಿಲ್ಲ. ಪ್ರವಾಸದ ಹಣ ಕೃಷಿಗೆ ಆಸರೆಯಾಗಬೇಕೇ ಹೊರತು ಅದರ ಜಾಗವನ್ನು ಹಿಡಿಯಬಾರದು.

ಆದ್ದರಿಂದ ಊರಿಗೆ ಪ್ರವಾಸೋದ್ಯಮದ ಯೋಜನೆ ಬಂದಾಗ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಬರೆದು ಕೊಡೋಣ. ಬರುವವರಿಗೆ ಬೇಕಾದ ನೀರು ಯಾರ ಸರದಿಯಿಂದ ಹೋಗುತ್ತದೆ? ಬರುವ ಹಣದಲ್ಲಿ ಕಾಡು, ಕಟ್ಟ, ಕಾಲುವೆಗಳ ದುರಸ್ತಿಗೆ ಎಷ್ಟು ಪಾಲು? ಮಳೆಗಾಲದಲ್ಲಿ ಹಳ್ಳ ತನ್ನ ಪೂರ್ತಿ ಅಗಲ ಹರಿಯಲು ಜಾಗ ಉಳಿದಿದೆಯೇ? ಉತ್ತರ ಬರುವವರೆಗೆ ನಿರ್ಣಯಕ್ಕೆ ಸಹಿ ಹಾಕುವುದು ಬೇಡ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸವಿದೆ. ಈ ಬೇಸಿಗೆಯ ರಜೆಯಲ್ಲಿ ನಿಮ್ಮ ಊರಿನ ಅಬ್ಬಿ, ಕಟ್ಟ, ಸುರಂಗ, ಬಸಿಗಾಲುವೆಗಳ ನಕಾಶೆಯೊಂದನ್ನು ಹಿರಿಯರನ್ನು ಕೇಳಿ ಬರೆಯಿರಿ. ಯಾವುದು ಹರಿಯುತ್ತಿದೆ, ಯಾವುದು ಯಾವ ವರ್ಷ ನಿಂತಿತು, ನೀರಿನ ಸರದಿ ಹೇಗಿತ್ತು ಎಂಬುದನ್ನು ಗುರುತು ಮಾಡಿರಿ. ಮಳೆ ಬೀಳುವುದರೊಳಗೆ ಅವನ್ನು ನಮ್ಮ ಪತ್ರಿಕೆಗೆ ಕಳುಹಿಸಿದರೆ ಒಂದೊಂದನ್ನೇ ಪ್ರಕಟಿಸುತ್ತೇವೆ. ನಾಳೆ ಹೊರಗಿನವರು ಬಂದು ನಿಮ್ಮ ಊರಿನಲ್ಲಿ ನೋಡುವುದೇನಿದೆ ಎಂದು ಕೇಳಿದಾಗ ಕೈಗೆ ಕೊಡಲು ಅದಕ್ಕಿಂತ ಒಳ್ಳೆಯ ಕಾಗದ ಇರಲಾರದು.